ಗುಡುಗು ಮಳೆಯ ಮುನ್ಸೂಚನೆ: ಘಟ್ಟದ ಮೇಲಿನವರ ಹೆಸರೂ ಇರಲಿ

ಏಪ್ರಿಲ್, ಮೇ ತಿಂಗಳುಗಳಲ್ಲಿ "ಕರಾವಳಿ ಕರ್ನಾಟಕದ ಒಂದೆರಡು ಕಡೆ ಗುಡುಗು ಸಹಿತ ಮಳೆ, ಗಂಟೆಗೆ 40ರಿಂದ 50 ಕಿ.ಮೀ. ವೇಗದ ಬಿರುಗಾಳಿ" ಎಂಬ ಮುನ್ಸೂಚನೆ ಬರುವುದುಂಟು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಬೇಸಾಯಗಾರರು ಇದು ಕಾರವಾರ, ಕುಮಟಾದವರಿಗೆ ಹೇಳಿದ ಮಾತೆಂದು ಸುಮ್ಮನಾದರೆ ಅವರನ್ನು ದೂರುವಂತಿಲ್ಲ. ಕೃಷಿ ವಲಯಗಳ ವಿಂಗಡಣೆಯಲ್ಲಿ ಈ ತಾಲೂಕುಗಳು ಗುಡ್ಡಗಾಡು ವಲಯಕ್ಕೆ ಸೇರಿವೆ. ಹವಾಮಾನ ಇಲಾಖೆಯ ಲೆಕ್ಕದಲ್ಲಾದರೋ ಇಡೀ ಉತ್ತರ ಕನ್ನಡ ಜಿಲ್ಲೆ ಕರಾವಳಿಯೇ! ಆದ್ದರಿಂದ ಕರಾವಳಿಯ ಮುನ್ಸೂಚನೆಯನ್ನು ಘಟ್ಟದ ಮೇಲಿನವರೂ ತಮ್ಮದೆಂದೇ ತಿಳಿಯಬೇಕು.

ಇನ್ನು "ಒಂದೆರಡು ಕಡೆ" ಎಂಬ ಮಾತು. ಮಳೆಮಾಪನ ಕೇಂದ್ರಗಳಲ್ಲಿ ನಾಲ್ಕನೇ ಒಂದು ಪಾಲು ಅಥವಾ ಅದಕ್ಕೂ ಕಡಿಮೆ ಕಡೆ ಮಳೆಯಾದೀತು ಎಂಬುದು ಇದರ ಅರ್ಥ. ಹುಲೇಕಲ್ಲಿನಲ್ಲಿ ಸುರಿದು ಬನವಾಸಿಯಲ್ಲಿ ಒಂದು ಹನಿಯೂ ಬೀಳದಿದ್ದರೆ ಮುನ್ಸೂಚನೆ ಸುಳ್ಳಾಯಿತೆಂದು ಹೇಳಲಾಗದು. ನಾಲ್ಕು ಸಲ ತಾಡಪಾಲು ಹೊದಿಸಿ ಮೂರು ಸಲ ಮಳೆ ಬಾರದಿದ್ದರೆ ಹೋಗುವುದು ಅರ್ಧ ಗಂಟೆಯ ದುಡಿಮೆ ಮಾತ್ರ. 40–45 ದಿನ ಬಿಸಿಲು ಕಾಣಬೇಕಾದ ಚಾಲಿ ಅಡಿಕೆ ನಡುವೆ ನೆನೆದರೆ ಬೂಷ್ಟು ಹಿಡಿಯುತ್ತದೆ, ಬಣ್ಣ ಕೆಡುತ್ತದೆ; ಪೇಟೆಯಲ್ಲಿ ಆ ನಷ್ಟ ತುಂಬಿ ಬರದು.

ಗಾಳಿಯ ವೇಗವನ್ನೂ ಗಮನಿಸಿರಿ. 30 ಕಿ.ಮೀ. ಗಾಳಿಗಿಂತ 50 ಕಿ.ಮೀ. ಗಾಳಿಯ ಒತ್ತಡ ಸುಮಾರು ಮೂರು ಪಟ್ಟು. ಗೊನೆ ಹೊತ್ತ ಬಾಳೆಗೆ ಊರುಗೋಲು ಕೊಡುವ ಕೆಲಸ ಮೋಡ ಕಟ್ಟುವ ಮೊದಲೇ ಮುಗಿದಿರಬೇಕು.

ಬೆಳೆಗಿಂತ ಜೀವ ದೊಡ್ಡದು. ಮೇ ಕೊನೆಗೆ ಕೊಳೆರೋಗದ ಮೊದಲ ಬೋರ್ಡೋ ಸಿಂಪಡಣೆ, ಕೊಟ್ಟೆ ಕಟ್ಟುವ ಕೆಲಸ ಒಟ್ಟಿಗೇ ಬರುತ್ತವೆ. ಆಳು ಸಿಕ್ಕ ದಿನವೇ ಮುಗಿಸುವ ಅವಸರ ಎಲ್ಲರಿಗೂ ಇದ್ದದ್ದೇ. ಆದರೆ ಗುಡುಗು ಏಳುವ ಹೊತ್ತು ಹೆಚ್ಚಾಗಿ ಮಧ್ಯಾಹ್ನದ ಮೇಲೆ; ಮರದ ಕೆಲಸವನ್ನು ಬೆಳಗಿನಲ್ಲೇ ಇಟ್ಟುಕೊಳ್ಳಿರಿ. ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿ.ಮೀ. ಒಳಗೇ ಇದೆ ಎಂದರ್ಥ. ಕೊನೆಗಾರನನ್ನು ತಕ್ಷಣ ಇಳಿಸಬೇಕು. ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ತೋಟಕ್ಕೆ ಇಳಿಯಬಾರದು. ನೆಲದಿಂದಲೇ ಕೆಲಸ ಮಾಡುವ ದೋಟಿ ಸುರಕ್ಷಿತವೆಂಬ ಭಾವನೆಯೂ ಸರಿಯಲ್ಲ, ಕಾರ್ಬನ್ ಫೈಬರಿನಲ್ಲಿಯೂ ವಿದ್ಯುತ್ ಹರಿಯುತ್ತದೆ.

ಗುಡುಗಿನ ಮೋಡ ಯಾವ ಊರಿನ ಮೇಲೆ ಏಳುವುದೆಂದು ಹಿಂದಿನ ದಿನವೇ ಹೇಳುವುದು ಕಷ್ಟ. ಮೂರು ಗಂಟೆಗಳ ಅವಧಿಗೆ ಕೊಡುವ ತಕ್ಷಣದ ಮುನ್ಸೂಚನೆಯೇ ಹೆಚ್ಚು ಉಪಯುಕ್ತ. ಅದು ಬರುವುದು ಮೊಬೈಲಿಗೆ; ನಮ್ಮ ಎಷ್ಟೋ ಹಳ್ಳಿಗಳಲ್ಲಿ ಸಿಗ್ನಲ್ಲಿಗೆ ಗುಡ್ಡ ಹತ್ತಬೇಕು. ಆಕಾಶವಾಣಿಯು ಇದನ್ನು ಮಧ್ಯಾಹ್ನದ ವೇಳೆ ತಾಲೂಕುಗಳ ಹೆಸರು ಹಿಡಿದು, ಘಟ್ಟದ ಮೇಲಿನದು, ಕೆಳಗಿನದು ಎಂದು ಬೇರೆ ಮಾಡಿ ಬಿತ್ತರಿಸಬೇಕು. ಇದನ್ನು ಸಹಕಾರಿ ಸಂಘಗಳ ಮೂಲಕ ಬರೆದು ಕೇಳಲು ಮುಂದಿನ ಬೇಸಿಗೆಯವರೆಗೆ ಕಾಯಬೇಕಾಗಿಲ್ಲ.