ಕಾನ್‌ಸ್ಟಾಂಟಿನೋಪಲ್ ಪತನ ಮತ್ತು ಮೆಣಸಿನ ಹಾದಿ: ಚರಿತ್ರೆಯ ಒಂದು ಪಾಠದೋಷ

ಓಲೆಗರಿಯ ಪ್ರತಿಗಳನ್ನು ಹೋಲಿಸಿ ಗ್ರಂಥಸಂಪಾದನೆ ಮಾಡುವವರಿಗೆ ಪಾಠದೋಷವೆಂಬುದು ಹೊಸ ಮಾತಲ್ಲ. ಒಬ್ಬ ಲಿಪಿಕಾರನ ಕಣ್ಣು ತಪ್ಪಿದರೆ ಸಾಕು, ಅವನ ಪ್ರತಿಯನ್ನು ನೋಡಿ ಬರೆದ ಎಲ್ಲ ಪ್ರತಿಗಳಿಗೂ ಆ ತಪ್ಪು ಇಳಿಯುತ್ತದೆ. ಹತ್ತು ಪ್ರತಿಗಳಲ್ಲಿ ಇದೆಯೆಂದ ಮಾತ್ರಕ್ಕೆ ಅದು ಶುದ್ಧಪಾಠವಾಗದು. ಹತ್ತೂ ಒಂದೇ ಮಾತೃಕೆಯ ಸಂತಾನವೆಂದಷ್ಟೆ ಅದರಿಂದ ತಿಳಿಯುತ್ತದೆ. ಚರಿತ್ರೆಯ ಪುಸ್ತಕಗಳಲ್ಲಿಯೂ ಇಂಥ ಪಾಠದೋಷಗಳುಂಟು. ಅವುಗಳಲ್ಲಿ ಬಹಳ ಹಠಮಾರಿಯಾದದ್ದು ಇದು: 1453ರಲ್ಲಿ ಆಟೋಮನ್ ಟರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ಗೆದ್ದರು, ಪೂರ್ವ ಪಶ್ಚಿಮಗಳ ನಡುವಣ ವ್ಯಾಪಾರಮಾರ್ಗ ಮುಚ್ಚಿಹೋಯಿತು, ಸಾಂಬಾರ ಪದಾರ್ಥಗಳಿಲ್ಲದೆ ಕಂಗೆಟ್ಟ ಯುರೋಪಿಯನ್ನರು ಹೊಸ ಜಲಮಾರ್ಗವನ್ನು ಅರಸುತ್ತ ಭಾರತಕ್ಕೆ ಬಂದರು.

ಪ್ರೌಢಶಾಲೆಯ ಪಾಠದಿಂದ ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗೆ, ಅಲ್ಲಿಂದ ಸಂಶೋಧನ ಪ್ರಬಂಧಗಳ ಪೀಠಿಕೆಗೆ ಈ ವಾಕ್ಯ ಸಲೀಸಾಗಿ ಸಾಗಿಬಂದಿದೆ. ಕರಾವಳಿಯ ಸಾಹಿತ್ಯವನ್ನು ಕುರಿತು ಬರೆಯುವವರು ‘ಚಾರಿತ್ರಿಕ ಹಿನ್ನೆಲೆ’ ಎಂಬ ಮೊದಲ ಅಧ್ಯಾಯದಲ್ಲಿ ಇದನ್ನು ಪರಿಶೀಲಿಸದೆಯೇ ಪ್ರತಿಷ್ಠಾಪಿಸುತ್ತಾರೆ. ಇದು ಸರಳೀಕರಣ ಮಾತ್ರ, ಮಕ್ಕಳಿಗೆ ಇಷ್ಟು ಸಾಕು ಎಂದು ಸಮರ್ಥಿಸುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಸರಳೀಕರಣದಲ್ಲಿ ಸತ್ಯದ ಅಸ್ಥಿಪಂಜರವಾದರೂ ಉಳಿದಿರಬೇಕು. ಈ ವಾಕ್ಯದಲ್ಲಿ ಅದೂ ಇಲ್ಲ.

ಮೊದಲು ಭೂಪಟವನ್ನು ನೋಡೋಣ. ಮಲಬಾರಿನ ಕಾಳುಮೆಣಸು ಯುರೋಪನ್ನು ಮುಟ್ಟುತ್ತಿದ್ದ ಮುಖ್ಯ ದಾರಿಗಳು ಎರಡು. ಒಂದು, ಏಡನ್ ಮೂಲಕ ಕೆಂಪು ಸಮುದ್ರವನ್ನು ಹಾಯ್ದು ಕೈರೋ, ಅಲೆಕ್ಸಾಂಡ್ರಿಯಗಳಿಗೆ. ಇನ್ನೊಂದು, ಹೊರ್ಮುಜ್ ಮೂಲಕ ಪರ್ಷಿಯದ ಕೊಲ್ಲಿಯನ್ನು ಹಿಡಿದು ಸಿರಿಯದ ಪೇಟೆಗಳಿಗೆ. ಅಲೆಕ್ಸಾಂಡ್ರಿಯ, ಬೈರೂತ್ ರೇವುಗಳಲ್ಲಿ ವೆನಿಸ್ಸಿನ ವರ್ತಕರು ಸರಕು ಕೊಳ್ಳುತ್ತಿದ್ದರು. ಕಾನ್‌ಸ್ಟಾಂಟಿನೋಪಲ್ ಈ ಎರಡೂ ದಾರಿಗಳಿಂದ ದೂರ ಉಳಿದ ನಗರ. ಅದರ ಮಹತ್ತ್ವವಿದ್ದದ್ದು ಕಪ್ಪು ಸಮುದ್ರದ ಧಾನ್ಯ, ಗುಲಾಮರು, ಮೀನು, ರೇಷ್ಮೆಗಳ ವ್ಯಾಪಾರದಲ್ಲಿ. ಮೆಣಸಿನ ಹೆಬ್ಬಾಗಿಲಾಗಿದ್ದ ಈಜಿಪ್ಟ್, ಸಿರಿಯಗಳನ್ನು ಆಳುತ್ತಿದ್ದವರು ಮಮ್ಲೂಕ್ ಸುಲ್ತಾನರು. ಆಟೋಮನ್ನರು ಅವರಿಂದ ಸಿರಿಯವನ್ನು ಕಸಿದುಕೊಂಡದ್ದು 1516ರಲ್ಲಿ, ಈಜಿಪ್ಟನ್ನು 1517ರಲ್ಲಿ. ವಾಸ್ಕೋ ಡ ಗಾಮ ಕಲ್ಲಿಕೋಟೆಯ ಬಳಿ ಲಂಗರು ಇಳಿಸಿದ್ದು 1498ರ ಮೇ ತಿಂಗಳಲ್ಲಿ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆಯಾದರೂ ಎರಡನ್ನೂ ಒಂದೇ ಗಳಿಗೆಯಲ್ಲಿ ಇಡುತ್ತದೆ. ಇಲ್ಲಿ ಟೊಂಗೆ ಮುರಿದು ಹತ್ತೊಂಬತ್ತು ವರ್ಷ ಕಳೆದ ಮೇಲೆ ಕಾಗೆ ಬಂದು ಕೂತಿದೆ.

ಇನ್ನು ಕಾಲಾನುಕ್ರಮ. ಪೋರ್ಚುಗೀಸರು ಆಫ್ರಿಕದ ಸೆಯುಟವನ್ನು ಹಿಡಿದದ್ದು 1415ರಲ್ಲಿ. ಜಿಲ್ ಈಯನೀಶ್ ಬೊಜದೋರ್ ಭೂಶಿರವನ್ನು ದಾಟಿದ್ದು 1434ರಲ್ಲಿ. ಪಶ್ಚಿಮ ಆಫ್ರಿಕದಿಂದ ಹಿಡಿದು ತಂದ ಗುಲಾಮರನ್ನು ಲಾಗೋಸಿನಲ್ಲಿ ಹಂಚಿಕೊಂಡದ್ದು 1444ರಲ್ಲಿ. ಕಾನ್‌ಸ್ಟಾಂಟಿನೋಪಲ್ಲಿನ ಕೋಟೆಗೋಡೆ ಇನ್ನೂ ಗಟ್ಟಿಯಾಗಿ ನಿಂತಿದ್ದ ಕಾಲವದು. ಇನ್ನೂ ಹಿಂದೆ ಹೋಗಿ: ಜಿನೋವದ ವಿವಾಲ್ಡಿ ಸೋದರರು ಸಾಗರಮಾರ್ಗವಾಗಿ ಭಾರತವನ್ನು ಸೇರುತ್ತೇವೆಂದು ಎರಡು ಹಡಗುಗಳಲ್ಲಿ ಜಿಬ್ರಾಲ್ಟರನ್ನು ದಾಟಿಹೋದದ್ದು 1291ರಲ್ಲಿ. ಅವರು ಹಿಂತಿರುಗಲಿಲ್ಲ, ಅದು ಬೇರೆ ಮಾತು. ಸಮುದ್ರದಿಂದ ಭಾರತಕ್ಕೆ ಹೋಗುವ ಆಸೆ 1453ಕ್ಕಿಂತ ನೂರ ಅರವತ್ತೆರಡು ವರ್ಷಗಳಷ್ಟು ಹಳೆಯದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಗೆದ್ದ ಸುಲ್ತಾನನಾದರೂ ವ್ಯಾಪಾರವನ್ನು ನಿಲ್ಲಿಸಿದನೆ? ಎರಡನೆಯ ಮಹಮ್ಮದನು ನಗರವನ್ನು ಹಿಡಿದ ಕೆಲವೇ ದಿನಗಳಲ್ಲಿ ಗಲಾಟದ ಜಿನೋವೀಯರಿಗೆ ಅಭಯಪತ್ರ ಕೊಟ್ಟ. ಮರುವರ್ಷ ವೆನಿಸ್ಸಿನೊಡನೆ ವಾಣಿಜ್ಯ ಒಪ್ಪಂದ ಮಾಡಿಕೊಂಡ. ಸುಂಕದಿಂದ ಬೊಕ್ಕಸ ತುಂಬುತ್ತದೆಂಬ ವಿವೇಕ ಅವನಿಗಿತ್ತು. ಬೆಲೆಗಳೂ ಇದನ್ನೇ ಹೇಳುತ್ತವೆ. ಮೆಣಸಿನ ಬೆಲೆಯನ್ನು ಬಿಗಿಹಿಡಿದು ವರ್ತಕರನ್ನು ಗೋಳುಹೊಯ್ದುಕೊಂಡವನು ಮಮ್ಲೂಕ್ ಸುಲ್ತಾನ ಬಾರ್ಸ್‌ಬೇ. ಅವನ ಆಳ್ವಿಕೆ 1438ಕ್ಕೇ ಮುಗಿಯಿತು. ವೆನಿಸ್ಸಿನ ಬೆಲೆಗಳನ್ನು ಪರಿಶೀಲಿಸಿ ಫ್ರೆಡರಿಕ್ ಲೇನ್ 1968ರಲ್ಲಿ ತೋರಿಸಿದಂತೆ, ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ ಮೆಣಸು ಪೂರ್ವಾರ್ಧಕ್ಕಿಂತ ಅಗ್ಗವಾಗಿತ್ತು. ಮುಚ್ಚಿದ ದಾರಿಯಲ್ಲಿ ಸರಕು ಅಗ್ಗವಾಗುವುದು ಹೇಗೆ? ಆಲ್ಬರ್ಟ್ ಲೈಬಯರ್ ಈ ಕಥೆಯನ್ನು ಆಧಾರಸಹಿತವಾಗಿ ತಳ್ಳಿಹಾಕಿದ್ದು 1915ರಲ್ಲಿ. ನೂರು ವರ್ಷಗಳಿಗೂ ಮೇಲಾಯಿತು. ನಮ್ಮ ಕೈಪಿಡಿಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಆಟೋಮನ್ನರು ಈಜಿಪ್ಟನ್ನು ಪಡೆದ ಮೇಲೆ ಆದದ್ದು ಕೈಪಿಡಿಯ ಕಥೆಗೆ ನೇರ ವಿರುದ್ಧ. ಪೋರ್ಚುಗೀಸರ ಹಾವಳಿಯಿಂದ ಸೊರಗಿದ್ದ ಕೆಂಪು ಸಮುದ್ರದ ಮೆಣಸಿನ ವ್ಯಾಪಾರ ಹದಿನಾರನೆಯ ಶತಮಾನದ ಮಧ್ಯಭಾಗದಲ್ಲಿ, ಟರ್ಕರ ಆಳ್ವಿಕೆಯಲ್ಲಿಯೇ, ಮತ್ತೆ ಚಿಗುರಿತು. ದಾರಿ ಮುಚ್ಚಿದರೆಂಬ ಅಪವಾದ ಹೊತ್ತವರ ರೇವುಗಳಲ್ಲಿ ವೆನಿಸ್ಸಿನವರು ಮತ್ತೆ ಮೂಟೆಗಟ್ಟಲೆ ಮೆಣಸು ಕೊಂಡರು.

ಪ್ರತಿವಾದಿಗಳಿಗೆ ನ್ಯಾಯ ಸಲ್ಲಿಸಬೇಕು. ಆಟೋಮನ್ನರ ವಿಸ್ತರಣೆಯಿಂದ ಜಿನೋವದವರಿಗೆ ನಷ್ಟವಾದದ್ದು ನಿಜ. ಕಪ್ಪು ಸಮುದ್ರದ ಕಾಫ 1475ರಲ್ಲಿ ಅವರ ಕೈತಪ್ಪಿತು. ಅವರ ಬಂಡವಾಳ ಪಶ್ಚಿಮಕ್ಕೆ ಹರಿಯಲು ಇದೂ ಒಂದು ಕಾರಣವಿರಬಹುದು. ಆದರೆ ಹರಿವು ಅಲ್ಲಿಂದ ಆರಂಭವಾದುದಲ್ಲ. ಜಿನೋವದ ಮನುವೇಲ್ ಪೆಸಾನ್ಯೊ ಪೋರ್ಚುಗಲ್ಲಿನ ನೌಕಾಧಿಪತಿಯಾದದ್ದು 1317ರಲ್ಲಿ. ಒಂದು ಉಪಕಾರಣವನ್ನು ಮೂಲಕಾರಣದ ಪೀಠದಲ್ಲಿ ಕೂರಿಸುವುದು ಇತಿಹಾಸವಲ್ಲ.

ಇಷ್ಟಕ್ಕೆ ಇಷ್ಟೇಕೆ ರಂಪ ಎಂದು ಕೇಳಬಹುದು. ಒಂದು ಇಸವಿ ತಪ್ಪಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಈ ಕಥೆ ಒಂದು ಅಪರಾಧಕ್ಕೆ ಸಮರ್ಥನೆ ಒದಗಿಸುತ್ತದೆ. ದಾರಿ ಮುಚ್ಚಿದ್ದರಿಂದ ಬರಲೇಬೇಕಾಯಿತು ಎಂದಾಗ ಪೋರ್ಚುಗೀಸರ ದುರಾಸೆ ಅನಿವಾರ್ಯತೆಯಾಗಿ ಮಾರ್ಪಡುತ್ತದೆ, ದೂಷಣೆ ಟರ್ಕರ ತಲೆಗೆ ಕಟ್ಟಲ್ಪಡುತ್ತದೆ. ನಡೆದದ್ದೇನು? ಕಲ್ಲಿಕೋಟೆ ಅರಬರಿಗೂ ಗುಜರಾತಿಗಳಿಗೂ ತೆರೆದಿದ್ದ ಪೇಟೆ. ಗಾಮನಿಗೂ ತೆರೆದೇ ಇತ್ತು. ಆದರೆ ಅವನು ಸಾಮೂದಿರಿ ರಾಜನಿಗೆಂದು ತೆಗೆದಿಟ್ಟದ್ದು ಒಂದಷ್ಟು ಬಟ್ಟೆ, ಟೋಪಿ, ಹವಳದ ಸರ, ಕೈತೊಳೆಯುವ ಬೋಗುಣಿ, ಸಕ್ಕರೆ, ಎಣ್ಣೆ, ಜೇನುತುಪ್ಪ. ಅದನ್ನು ಕಂಡು ಅಲ್ಲಿನ ಅಧಿಕಾರಿಗಳು ನಕ್ಕರು. ಕೊಡಲು ತಕ್ಕ ಸರಕಿಲ್ಲದವನು ಮರುಯಾತ್ರೆಯಲ್ಲಿ ಫಿರಂಗಿ ತಂದ. 1502ರಲ್ಲಿ ಮೆಕ್ಕಾ ಯಾತ್ರೆ ಮುಗಿಸಿ ಬರುತ್ತಿದ್ದ ಹಡಗನ್ನು ಹೆಂಗಸರು ಮಕ್ಕಳ ಸಹಿತ ಸುಡಿಸಿದ. ಅದೇ ಯಾತ್ರೆಯಲ್ಲಿ ನಮ್ಮ ಭಟ್ಕಳದ ಮೇಲೆ ಅಕ್ಕಿಯ ಕಪ್ಪ ಹೇರಿದ. ಮುಂದೆ ‘ಕಾರ್ಟಾಜ್’ ಎಂಬ ರಹದಾರಿ ಚೀಟಿಯಿಲ್ಲದ ಹಡಗು ಸೂರೆಗೆ ಅರ್ಹವೆಂದಾಯಿತು. ಯಾರ ಒಡೆತನವೂ ಅಲ್ಲದ ಸಾಗರಕ್ಕೆ ದೊಣೆನಾಯಕರು ಹುಟ್ಟಿಕೊಂಡದ್ದು ಹೀಗೆ. ದಾರಿ ಮುಚ್ಚಿದವರು ಯಾರು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ಇನ್ನೊಂದು ನಷ್ಟ ನಮ್ಮದೇ. ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿ ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಪೋರ್ಚುಗೀಸರೊಡನೆ ಕಾದಿದವಳು, ವ್ಯವಹರಿಸಿದವಳು. ಅವಳನ್ನು ಅವರೇ ಮೆಣಸಿನ ರಾಣಿ ಎಂದು ಕರೆದರು. ಜಿನಭಕ್ತೆಯಾದ ಆ ರಾಣಿಯ ರಾಜಧಾನಿಯ ಚತುರ್ಮುಖ ಬಸದಿ ಇಂದಿಗೂ ಶರಾವತಿಯ ದಡದ ಕಾಡಿನಲ್ಲಿ ನಿಂತಿದೆ. ಬಾಸ್ಫರಸ್ಸಿನ ದಡದ ನಗರವೊಂದರ ಪತನದ ಇಸವಿಯನ್ನು ಬಾಯಿಪಾಠ ಮಾಡಿದ ನಮ್ಮ ವಿದ್ಯಾರ್ಥಿಗೆ, ಆ ಮೆಣಸು ಬೆಳೆದ ಘಟ್ಟದ, ಅದನ್ನು ಮಾರಿದ ರೇವಿನ, ಅದಕ್ಕಾಗಿ ಹೋರಾಡಿದ ರಾಣಿಯ ಹೆಸರು ತಿಳಿಯದು. ಯುರೋಪಿನ ಅಗತ್ಯವೇ ಚರಿತ್ರೆಯನ್ನು ನಡೆಸುತ್ತದೆ, ನಾವು ಹುಡುಕಿಸಿಕೊಳ್ಳಲೆಂದು ಕಾದು ಕುಳಿತವರು ಎಂಬ ಭಾವನೆ ಅವನಲ್ಲಿ ಬೇರೂರುವುದು ಇಂಥ ವಾಕ್ಯಗಳಿಂದಲೇ.

ಆದ್ದರಿಂದ ಸಂಶೋಧಕಮಿತ್ರರಲ್ಲಿ ನನ್ನ ವಿನಂತಿ: ನಿಮ್ಮ ಪ್ರಬಂಧದ ಪೀಠಿಕೆಯಲ್ಲಿ ಆ ವಾಕ್ಯವಿದ್ದರೆ ಇಂದೇ ಹೊಡೆದುಹಾಕಿ. ದೋಷವೆಂದು ಗೊತ್ತಾದ ಮೇಲೂ ಅದನ್ನೇ ನಕಲು ಮಾಡುವವನನ್ನು ಲಿಪಿಕಾರನೆಂದು ಕ್ಷಮಿಸಬಹುದು, ಸಂಶೋಧಕನೆಂದು ಕರೆಯಲಾಗದು.