ಬಾಗಿಲಿಗೂ ಬೀದಿಗೂ ನಡುವೆ

ಬಡವರ ಮನೆಯೆಂದರೆ ಚದರ ಮೀಟರುಗಳ ಲೆಕ್ಕ ಮಾತ್ರವೇ? 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯು ನಗರಗಳ ದುರ್ಬಲ ವರ್ಗದವರಿಗೆ 30 ಚದರ ಮೀಟರ್‌ವರೆಗಿನ ಮನೆಯನ್ನು ನಿಗದಿಪಡಿಸಿತು. ಸೂರು ಬೇಕೇ ಬೇಕು, ಅದರಲ್ಲಿ ನಮಗೆ ತಕರಾರಿಲ್ಲ. ಆದರೆ ಈ ಲೆಕ್ಕದಲ್ಲಿ ಬಾಗಿಲಿಗೂ ಬೀದಿಗೂ ನಡುವಿನ ಜಾಗಕ್ಕೆ ಬೆಲೆಯೇ ಇಲ್ಲ.

ಸಿರುಗುಪ್ಪ, ಕುರುಗೋಡುಗಳ ಹಳೆಯ ಮಣ್ಣಿನ ಮಾಳಿಗೆ ಮನೆಗಳನ್ನು ನೋಡಿರಿ. ಬೀದಿಗೆ ಕಟ್ಟೆ, ಒಳಗೆ ಪಡಸಾಲೆ, ಅದರಾಚೆ ಅಡುಗೆಮನೆ. ಹೊರಗಿನವರು ಕಟ್ಟೆಯಲ್ಲಿ ಕೂರುತ್ತಿದ್ದರು, ಬಂಧುಗಳು ಪಡಸಾಲೆಗೆ ಬರುತ್ತಿದ್ದರು, ಹೆಂಗಸರು ಯಾರ ದೃಷ್ಟಿಗೂ ಬೀಳದೆ ಒಳಗೆ ನಿರಾಳವಾಗಿರುತ್ತಿದ್ದರು. ದಪ್ಪ ಗೋಡೆ ಹಗಲಿನ ಉರಿಯನ್ನು ತಡೆಯುತ್ತಿತ್ತು. ಬೆಳಕಿಂಡಿಯಿಂದ ಬಿಸಿಗಾಳಿ ಹೊರಹೋಗುತ್ತಿತ್ತು. ಬೇಸಿಗೆಯ ರಾತ್ರಿಗಳಲ್ಲಿ ಮಾಳಿಗೆಯೇ ಮಲಗುವ ಕೋಣೆ.

ಬಹುಮಹಡಿ ವಸತಿಯಲ್ಲಿ ಸಾಮಾನ್ಯವಾಗಿ ಬಾಗಿಲುಗಳು ಮುಖಾಮುಖಿ. ತೆರೆದರೆ ನೆರೆಯವರ ದೃಷ್ಟಿ ಅಡುಗೆಮನೆಯವರೆಗೆ. ಮುಚ್ಚಿದರೆ, 40 ಡಿಗ್ರಿ ದಾಟುವ ಬಳ್ಳಾರಿಯ ಬೇಸಿಗೆಯಲ್ಲಿ ಅದು ಕಾಂಕ್ರೀಟಿನ ಒಲೆ. ಅನ್ಯರ ಮನೆಯನ್ನು ಅನುಮತಿಯಿಲ್ಲದೆ ಪ್ರವೇಶಿಸಬಾರದೆಂಬುದು ಪವಿತ್ರ ಕುರ್‌ಆನಿನ ಆದೇಶ. ಆದರೆ ಈ ಸಂಕಟವು ಪರದೆ ಪಾಲಿಸುವ ಮುಸ್ಲಿಮ್ ಮಹಿಳೆಯದ್ದು ಮಾತ್ರವೆಂದು ಭಾವಿಸುವವರು ಬಾಣಂತಿಯನ್ನೂ ಪರೀಕ್ಷೆಗೆ ಓದುವ ಹುಡುಗಿಯನ್ನೂ ಮರೆತಿದ್ದಾರೆ. ಅವರ ಧರ್ಮ ಯಾವುದಾದರೇನು?

ಪರಿಹಾರವೇನೂ ದುಬಾರಿಯದ್ದಲ್ಲ. ಎದುರುಬದುರು ಬಾಗಿಲುಗಳನ್ನು ತುಸು ಸರಿಸಿದರೆ ಸಾಕು. ಕಿಟಕಿಗೆ ಇಟ್ಟಿಗೆಯ ಜಾಲಿ, ಮಹಡಿಗೊಂದು ಕಟ್ಟೆ, ತಾರಸಿಗೆ ಎತ್ತರದ ಕುಂಬಿ. ಬಳ್ಳಾರಿ ಮಹಾನಗರ ಪಾಲಿಕೆಯೂ ಉಳಿದ ಸ್ಥಳೀಯ ಸಂಸ್ಥೆಗಳೂ ನಕ್ಷೆಯನ್ನು ಅಂತಿಮಗೊಳಿಸುವ ಮುನ್ನ ಅಲ್ಲಿ ಬದುಕಬೇಕಾದ ಮಹಿಳೆಯರನ್ನು ಕೇಳಲಿ. ಅವರು ವಾರ್ಡ್ ಸಭೆಗೆ ಹೋಗಿ ಮಾತನಾಡುವುದನ್ನು ನಮ್ಮ ಜಮಾಅತ್‌ಗಳೂ ತಡೆಯದಿರಲಿ.