ಕಾಲುವೆಯ ಕೊನೆಯ ಹೊಲ

ನೀರಾವರಿ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದ ನನಗೆ ಯಾವ ಯೋಜನೆ ಕಂಡರೂ ಮೊದಲು ಏಳುವ ಪ್ರಶ್ನೆ ಒಂದೇ: ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟಿತೇ? ದಕ್ಷಿಣ ಕೊರಿಯಾದ ವಿದೇಶಿ ಭಾಷಾ ಹೈಸ್ಕೂಲುಗಳ ಬಗ್ಗೆ ಓದುವಾಗಲೂ ಅದೇ ಪ್ರಶ್ನೆ ಎದ್ದಿತು.

1974ರಲ್ಲಿ ಆ ದೇಶ ಸಿಯೋಲ್ ಮತ್ತು ಬೂಸಾನ್ ನಗರಗಳಲ್ಲಿ ಹೈಸ್ಕೂಲುಗಳು ಪ್ರತ್ಯೇಕವಾಗಿ ನಡೆಸುತ್ತಿದ್ದ ಪ್ರವೇಶ ಪರೀಕ್ಷೆ ನಿಲ್ಲಿಸಿ, ಮಕ್ಕಳನ್ನು ಚೀಟಿ ಎತ್ತಿ ಹಂಚತೊಡಗಿತು. ಬಡವ ಬಲ್ಲಿದರನ್ನು ಒಂದೇ ಪಂಕ್ತಿಯಲ್ಲಿ ಕೂರಿಸುವ ಕೆಲಸವದು. ಹತ್ತೇ ವರ್ಷಕ್ಕೆ, 1984ರಲ್ಲಿ, ಆಯ್ದ ಮಕ್ಕಳಿಗಾಗಿ ಭಾಷಾ ಶಾಲೆಗಳು ಬಂದವು. ಜರ್ಮನ್, ಫ್ರೆಂಚ್, ಸ್ಪ್ಯಾನಿಷ್, ಚೀನೀ, ಜಪಾನಿ ಅಲ್ಲಿನ ಮುಖ್ಯ ಪಾಠ. 2005ರಲ್ಲಿ ಯೋಂಗಿನ್‌ನಲ್ಲಿ ಹಾಂಕುಕ್ ವಿದೇಶಿ ಭಾಷಾ ವಿಶ್ವವಿದ್ಯಾಲಯದ ಆಶ್ರಯದಲ್ಲಿ ತೆರೆದ ಶಾಲೆಯಲ್ಲಂತೂ ಮಕ್ಕಳು ವಸತಿನಿಲಯದಲ್ಲೇ ಇದ್ದು ಓದುತ್ತಾರೆ.

ಇದರಲ್ಲಿ ತಪ್ಪೇನಿಲ್ಲ. ಹಗಲು ರಾತ್ರಿ ಒಂದು ಭಾಷೆಯ ಸಹವಾಸದಲ್ಲಿದ್ದರೆ ನಾಲಗೆ ತಾನಾಗಿ ತಿರುಗುತ್ತದೆ. ಆದರೆ ಅಲ್ಲಿಂದ ಹೊರಬಂದ ಎಷ್ಟೋ ಮಂದಿ ಹಿಡಿದದ್ದು ಭಾಷೆಯ ದಾರಿಯನ್ನಲ್ಲ. ಕಾನೂನು, ಆಡಳಿತ, ವೈದ್ಯಕೀಯದ ದಾರಿಯನ್ನು. ಶಾಲೆ ಹೆಸರಾಂತ ವಿಶ್ವವಿದ್ಯಾಲಯಗಳ ಹೆಬ್ಬಾಗಿಲಾಯಿತು. ಆ ಬಾಗಿಲ ಮುಂದೆ ಹಗ್ವಾನ್ ಎಂಬ ಟ್ಯೂಷನ್ ಕೇಂದ್ರಗಳು ಎದ್ದು, ದುಡ್ಡಿದ್ದವರ ಮಕ್ಕಳು ಎಳವೆಯಲ್ಲೇ ತಯಾರಿಗೆ ಕೂತರು. ತೂಬಿನ ಬಳಿಯ ಹೊಲದವನೇ ನೀರೆಲ್ಲ ಕಟ್ಟಿಕೊಂಡಂತೆ!

ಸರಕಾರ ಸುಮ್ಮನಿರಲಿಲ್ಲ. ಶಾಲೆಗಳದೇ ಪರೀಕ್ಷೆಗಳನ್ನು ನಿಲ್ಲಿಸಿ, ಹಿಂದಿನ ತರಗತಿಗಳ ಇಂಗ್ಲಿಷ್ ಫಲಿತಾಂಶ ಮತ್ತು ಸಂದರ್ಶನದ ಮೇಲೆ ಆಯ್ಕೆ ಎಂದಿತು. ನೂರಕ್ಕೆ 20 ಸೀಟು ಬಡ, ಅವಕಾಶವಂಚಿತ ಮಕ್ಕಳಿಗೆಂದು ಇಟ್ಟಿತು. 2019ರಲ್ಲಿ, 2025ರ ಹೊತ್ತಿಗೆ ಇವೆಲ್ಲ ಸಾಮಾನ್ಯ ಶಾಲೆಗಳಾಗಬೇಕೆಂದು ಘೋಷಿಸಿತು. ಸರಕಾರ ಬದಲಾಯಿತು, 2024ರ ಜನವರಿಯಲ್ಲಿ ಆ ತೀರ್ಮಾನವೂ ಬದಲಾಯಿತು.

ಮುಚ್ಚಬೇಕು ಎಂದವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೂ ಮುಚ್ಚುವುದನ್ನು ನಾನು ಒಪ್ಪಲಾರೆ. ಕಾಲುವೆ ಒಡೆದರೆ ಯಾರ ಹೊಲಕ್ಕೂ ನೀರಿಲ್ಲ. ಮೀಸಲು ಸೀಟು ಕೊಟ್ಟು ಕೈತೊಳೆದುಕೊಳ್ಳುವುದೂ ಸಾಲದು. ಟ್ಯೂಷನ್ ಕಾಣದ ಮಗು, ಮೊದಲೇ ಕಲಿತು ಬಂದವರ ನಡುವೆ ಬಾಯಿಬಿಡಲೂ ಹೆದರುತ್ತದೆ. ಅದಕ್ಕೆ ಮೊದಲ ವರ್ಷವೇ ಪ್ರತ್ಯೇಕ ಪಾಠ ಬೇಕು; ಶುಲ್ಕವಷ್ಟೇ ಅಲ್ಲ, ಊಟ ವಸತಿಯೂ ಉಚಿತವಾಗಬೇಕು. ಸಂದರ್ಶನದಲ್ಲಿ ಮಗುವಿಗೆ ಈಗ ಎಷ್ಟು ಇಂಗ್ಲಿಷ್ ಬರುತ್ತದೆ ಎಂದಲ್ಲ, ಹೊಸ ಭಾಷೆಯ ಹತ್ತು ಪದ ಹೇಳಿಕೊಟ್ಟರೆ ಎಷ್ಟು ಬೇಗ ಹಿಡಿಯುತ್ತದೆ ಎಂದು ನೋಡಲಿ.